ಹಾಡುಗಳ ವಿಳಾಸ

ಕಲ್ಯಾಣದಲ್ಲಿ ಕವಲೊಡೆದು ಕರ್ಜತ್ತಿನ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ವಿಠ್ಠಲವಾಡಿಯಾದ ಮೇಲೆ ದೊರೆಯುವ ಉಲ್ಹಾಸನಗರವು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ತಂಗುದಾಣವಾಗಿ ನಿರ್ಮಿತವಾದ ಕಲ್ಯಾಣ ಕ್ಯಾಂಪಿನಿಂದ ಜನ್ಮವೆತ್ತಿದ ಪಟ್ಟಣ. 1947ರ ದೇಶವಿಭಜನೆಯ ಅನಂತರ ಸಿಂಧ್ ಪ್ರಾಂತವನ್ನು ತೊರೆದು ಬಂದ ತೊಂಬತ್ತು ಸಾವಿರಕ್ಕೂ ಮಿಕ್ಕ ನಿರಾಶ್ರಿತರನ್ನು ಸೈನ್ಯವು ಬಿಟ್ಟುಹೋದ ಉದ್ದುದ್ದನೆಯ ಬರಾಕುಗಳಲ್ಲಿ ಇರಿಸಲಾಯಿತು. 1949ರ ಆಗಸ್ಟ್ 8ರಂದು ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು ಹೊಸ ಪಟ್ಟಣಕ್ಕೆ ಅಡಿಗಲ್ಲನ್ನಿಟ್ಟರು. ಸಮೀಪದಲ್ಲಿ ಹರಿಯುವ ಉಲ್ಹಾಸ ನದಿಯ ಹೆಸರೇ ಊರಿಗೂ ಬಂದಿತು. ಐದು ಕ್ಯಾಂಪುಗಳು, ಕ್ಯಾಂಪಿನೊಳಗೆ ಸೆಕ್ಷನ್ನುಗಳು, ಸೆಕ್ಷನ್ನಿನೊಳಗೆ ಬರಾಕುಗಳು, ಬರಾಕಿನೊಳಗೆ ಕೋಣೆಗಳು: ಇಂದಿಗೂ ಅಲ್ಲಿಯ ಅನೇಕ ಮನೆಗಳಿಗೆ ಕಾಗದ ಬರೆಯುವವನು ಈ ನಾಲ್ಕು ಅಂಕೆಗಳನ್ನು ಅನುಕ್ರಮವಾಗಿ ಬರೆದರೆ ಸಾಕು, ಬೀದಿಯ ಹೆಸರಿನ ಅಗತ್ಯವೇ ಬೀಳುವುದಿಲ್ಲ.

ಹೀಗೆ ಅಂಕೆಗಳ ನಡುವೆ ಬಾಳನ್ನು ಪುನಃ ಆರಂಭಿಸಿದ ಆ ಜನರು ಬರೆಯಬೇಕಾಗಿ ಬಂದ ಪಟ್ಟಿಗಳಲ್ಲಿ ಅತ್ಯಂತ ದುಃಖಕರವಾದುದು ಕ್ಲೇಮುಗಳ ಪಟ್ಟಿ. 1950ರ ಕಾಯಿದೆಯನ್ನನುಸರಿಸಿ ತಾವು ಬಿಟ್ಟುಬಂದ ಮನೆ, ಹೊಲ, ಅಂಗಡಿ, ಕಾರಖಾನೆಗಳ ವಿವರವನ್ನು ಅವರು ಸರಕಾರಕ್ಕೆ ಸಲ್ಲಿಸಿದರು. ಆದರೆ ಯಾವ ಕಾಯಿದೆಯೂ ಹಾಡುಗಳ ಕ್ಲೇಮನ್ನು ಸ್ವೀಕರಿಸುವುದಿಲ್ಲವಷ್ಟೆ. 1939ರಲ್ಲಿ ಹಂತಕರ ಗುಂಡಿಗೆ ಬಲಿಯಾದ ಭಗತ್ ಕಂವರ್‌ರಾಮರ ಪದಗಳಾಗಲಿ, ಶಾಹ್ ಅಬ್ದುಲ್ ಲತೀಫರ ಕಾವ್ಯವಾಗಲಿ ಯಾವ ನಮೂನೆಯಲ್ಲಿಯೂ ನಮೂದಾಗದೆ, ಕಂಠದಿಂದ ಕಂಠಕ್ಕೆ ದಾಟಿ ಈ ಬರಾಕುಗಳನ್ನು ಸೇರಿದವು. ಲತೀಫರ ‘ಶಾಹ್ ಜೋ ರಿಸಾಲೋ’ ಎಂಬ ಕಾವ್ಯಸಂಗ್ರಹವು ‘ಸುರ್’ ಎಂದು ಕರೆಯಲಾಗುವ, ರಾಗದ ಹೆಸರನ್ನೋ ಕಥೆಯ ಹೆಸರನ್ನೋ ಹೊತ್ತ ಸುಮಾರು ಮೂವತ್ತು ಅಧ್ಯಾಯಗಳಾಗಿ ವಿಂಗಡಗೊಂಡಿರುವುದನ್ನೂ, ಅವುಗಳಲ್ಲಿ ಮೊದಲನೆಯದು ಸುರ್ ಕಲ್ಯಾಣ್ ಎಂಬುದನ್ನೂ ಇಲ್ಲಿ ಸ್ಮರಿಸಬೇಕು. ಕಾವ್ಯವನ್ನು ರಾಗದ ಕ್ರಮದಲ್ಲಿ ಜೋಡಿಸಿಡುವ ಈ ಪದ್ಧತಿಯೇ ಒಂದು ಸಂಗೀತಸೂಚಿ. ನಮ್ಮ ಹರಿದಾಸರು ಇದೇ ಉದ್ದೇಶವನ್ನು ಬೇರೊಂದು ರೀತಿಯಲ್ಲಿ ಸಾಧಿಸಿದರು: ಪದದ ಕೊನೆಯ ನುಡಿಯಲ್ಲಿ ಪುರಂದರವಿಠಲ ಎಂದೋ ಕಾಗಿನೆಲೆಯಾದಿಕೇಶವ ಎಂದೋ ಅಂಕಿತವನ್ನಿಟ್ಟರು. ಹಾಡು ಎಲ್ಲಿಗೆ ಹೋದರೂ ಅದರ ಕರ್ತೃವಿನ ಗುರುತು ಅದರೊಡನೆಯೇ ಹೋಗುವಂತೆ, ಗಾಯಕನು ಹಾಡನ್ನು ಪೂರ್ಣಗೊಳಿಸದೆ ಆ ಗುರುತನ್ನು ಬಿಡಲಾಗದಂತೆ, ಅವರು ಮಾಡಿದ ಈ ಏರ್ಪಾಡು ನಾಲ್ಕುನೂರು ವರ್ಷಗಳಿಗೂ ಮಿಕ್ಕು ಬಾಳಿತು.

ಯಂತ್ರಯುಗವು ಇದನ್ನೇ ತಿಳಿಯದೆ ಅನುಕರಿಸಿತು. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು ಕಲಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮೇಣದ ತಟ್ಟೆಗಳ ಮೇಲೆ ಮುದ್ರಿಸಿಕೊಂಡಾಗ, ಆ ತಟ್ಟೆಗಳು ಜರ್ಮನಿಯ ಹಾನೋವರಿಗೆ ಹೋಗಿ ರೆಕಾರ್ಡುಗಳಾಗಿ ಮರಳಬೇಕಾಗಿತ್ತು. ಅಲ್ಲಿನ ಕೆಲಸಗಾರರಿಗೆ ನಮ್ಮ ಭಾಷೆಯೂ ತಿಳಿಯದು, ರಾಗವೂ ತಿಳಿಯದು. ಯಾವ ತಟ್ಟೆಗೆ ಯಾವ ಲೇಬಲ್ಲನ್ನು ಅಂಟಿಸಬೇಕೆಂಬ ಗೊಂದಲ ಉಂಟಾಗದಿರಲೆಂದು ಗಾಯಕರೇ ಹಾಡಿನ ಕೊನೆಗೆ ತಮ್ಮ ಹೆಸರನ್ನು ಉಚ್ಚರಿಸುತ್ತಿದ್ದರು. ಗೌಹರ್ ಜಾನಳು ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಹೇಳಿ ಮುಗಿಸುವ ಆ ರೆಕಾರ್ಡುಗಳನ್ನು ಇಂದು ಕೇಳುವವರು ಅದನ್ನೊಂದು ಗತ್ತೆಂದು ಭಾವಿಸಿ ಆನಂದಿಸುವುದುಂಟು. ವಸ್ತುತಃ ಅದು ಕಾರಖಾನೆಯ ಅಗತ್ಯಕ್ಕಾಗಿ ಹಾಡಿನ ತುದಿಗೆ ಕಟ್ಟಿದ ಚೀಟಿ. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿಯೇ ರೆಕಾರ್ಡು ಒತ್ತುವ ಕಾರಖಾನೆ ಆರಂಭವಾದ ಮೇಲೆ ಈ ಅಗತ್ಯವು ಕ್ರಮೇಣ ಕಡಮೆಯಾಯಿತು, ಘೋಷಣೆಯ ಪದ್ಧತಿಯೂ ಮರೆಯಾಯಿತು.

ಅಲ್ಲಿಂದ ಮುಂದೆ ಹಾಡಿನ ಪರಿಚಯವೆಲ್ಲವೂ ಲೇಬಲ್ಲಿನ ಮೇಲಿನ ಅಚ್ಚಿಗೂ, ಕಂಪನಿಯ ಕ್ಯಾಟಲಾಗಿಗೂ, ಲೇಬಲ್ಲಿನ ಸುತ್ತ ಕೆತ್ತಿದ ಮ್ಯಾಟ್ರಿಕ್ಸ್ ಸಂಖ್ಯೆಗೂ ಸೀಮಿತವಾಯಿತು. ಈ ಮೂರರಲ್ಲಿ ಅತ್ಯಂತ ನಂಬಲರ್ಹವಾದುದು ಮೂರನೆಯದು. ಏಕೆಂದರೆ ಲೇಬಲ್ಲು ಸುಳ್ಳಾಡಬಲ್ಲದು, ಸಂಖ್ಯೆಯು ಹಾಗೆ ಮಾಡಲಾರದು. ಗಂಗೂಬಾಯಿ ಹಾನಗಲ್ಲರ ಮೊದಲ ರೆಕಾರ್ಡುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಆ ತಾಯಿಯ ಸಂಪೂರ್ಣ ಗಾಯನವನ್ನು ಕಲೆಹಾಕಲು ಹೊರಟವನು ಗಂಗೂಬಾಯಿ ಎಂಬ ಹೆಸರನ್ನು ಮಾತ್ರ ಹುಡುಕಿದರೆ ಅವರ ಎಳೆಯ ಕಂಠವನ್ನು ಎಂದಿಗೂ ಕೇಳಲಾರನು. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಕೊಟ್ಟ ರೆಕಾರ್ಡುಗಳು, ಬಿಜಾಪುರ ಸೀಮೆಯ ಬೀಳಗಿಯಿಂದ ಮುಂಬಯಿಗೆ ಬಂದು 1943ರ ‘ಕಿಸ್ಮತ್’ ಚಿತ್ರದಿಂದ ದೇಶದಾದ್ಯಂತ ಮನೆಮಾತಾದ ಅಮೀರಬಾಯಿ ಕರ್ನಾಟಕಿಯವರ ಹಾಡುಗಳು, ಇವೆಲ್ಲವೂ ಮೂರು ನಿಮಿಷಗಳ ಅರಗಿನ ತಟ್ಟೆಗಳಾಗಿ ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ತೂಕಕ್ಕೆ ಬಿದ್ದಿದ್ದ ಕಾಲವೂ ಒಂದಿತ್ತು.

ಇಂತಹ ರೆಕಾರ್ಡುಗಳಿಗೆ ಸಮಗ್ರವಾದ ಪಟ್ಟಿಯೊಂದನ್ನು ಒದಗಿಸಿದವರು ಕಂಪನಿಗಳಲ್ಲ, ವಿಶ್ವವಿದ್ಯಾಲಯಗಳೂ ಅಲ್ಲ. ಕಾನಪುರದ ಹರಮಂದಿರ್ ಸಿಂಗ್ ‘ಹಮ್ರಾಜ್’ ಅವರು 1931ರಲ್ಲಿ ಆರಂಭವಾದ ಹಿಂದೀ ವಾಕ್ಚಿತ್ರಗಳ ಗೀತೆಗಳನ್ನು ದಶಕಕ್ಕೊಂದು ಸಂಪುಟದಂತೆ ‘ಹಿಂದೀ ಫಿಲ್ಮ್ ಗೀತ್ ಕೋಶ್’ ಎಂಬ ಹೆಸರಿನಲ್ಲಿ ಸಂಕಲಿಸಿದರು. ಚಿತ್ರ, ಗಾಯಕ, ಕವಿ, ಸಂಗೀತ ನಿರ್ದೇಶಕ, ರೆಕಾರ್ಡಿನ ಸಂಖ್ಯೆ ಎಲ್ಲವನ್ನೂ ಒಳಗೊಂಡ ಆ ಸಂಪುಟಗಳಿಗೆ ಸಮಾನವಾದ ಕೆಲಸ ನಮ್ಮ ದೇಶದಲ್ಲಿ ವಿರಳ. ಆಸ್ಟ್ರೇಲಿಯದ ಮೈಕಲ್ ಕಿನಿಯರನು 1899ರಿಂದ 1908ರವರೆಗಿನ ಭಾರತೀಯ ರೆಕಾರ್ಡುಗಳ ವಿವರವನ್ನು ಸಂಖ್ಯಾನುಕ್ರಮವಾಗಿ ಜೋಡಿಸಿ ಬರೆದ ಗ್ರಂಥವು 1994ರಲ್ಲಿ ಮುಂಬಯಿಯಲ್ಲಿಯೇ ಪ್ರಕಟವಾಯಿತು. ಅದಕ್ಕೂ ಮುನ್ನ, 1990ರಲ್ಲಿ, ಅದೇ ನಗರದಲ್ಲಿ ರೆಕಾರ್ಡು ಸಂಗ್ರಾಹಕರ ಸಂಘವೊಂದು ಸ್ಥಾಪಿತವಾಗಿ, ವಿಜ್ಞಾನಿಯಾದ ಸುರೇಶ ಚಾಂದವಣಕರರ ಪರಿಶ್ರಮದಿಂದ ‘ದಿ ರೆಕಾರ್ಡ್ ನ್ಯೂಸ್’ ಎಂಬ ಪತ್ರಿಕೆಯನ್ನು ನಡೆಸಿತು. ಇವರೆಲ್ಲರೂ ತಮ್ಮ ಮನೆಯಲ್ಲಿ, ತಮ್ಮ ಬಿಡುವಿನಲ್ಲಿ ದುಡಿದವರು. ಸಂಗೀತದ ಸೂಚಿಯನ್ನು ಕಟ್ಟುವ ಕಾರ್ಯವು ನಮ್ಮಲ್ಲಿ ಪ್ರಾರಂಭದಿಂದಲೂ ಗೃಹಕೃತ್ಯವಾಗಿಯೇ ಉಳಿಯಿತು. ಇದನ್ನು ನಾನು ಅಭಿಮಾನದಿಂದಲೂ, ಅಷ್ಟೇ ವ್ಯಥೆಯಿಂದಲೂ ಬರೆಯುತ್ತಿದ್ದೇನೆ.

ಕ್ಯಾಸೆಟ್ಟಿನ ಕಾಲವು ಈ ಗೃಹಕೃತ್ಯವನ್ನು ಪ್ರತಿಯೊಂದು ಮನೆಗೂ ತಂದಿತು. 1963ರಲ್ಲಿ ಫಿಲಿಪ್ಸ್ ಕಂಪನಿಯು ಲೋಕಕ್ಕೆ ಪರಿಚಯಿಸಿದ ಈ ಪುಟ್ಟ ಪೆಟ್ಟಿಗೆಯಲ್ಲಿ, 1978ರಲ್ಲಿ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಸಂಯೋಜಿಸಿದ ‘ನಿತ್ಯೋತ್ಸವ’ವು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯಾಗಿ ಹೊರಬಂದಿತು. ಡೊಂಬಿವಲಿ, ಠಾಣೆ, ಕಲ್ಯಾಣಗಳ ಚಾಳುಗಳಲ್ಲಿ ನೆಲೆಸಿದ ನಮ್ಮ ಕರಾವಳಿಯ ಕುಟುಂಬಗಳಿಗೆ ಕೊಂಡುತಂದ ಕ್ಯಾಸೆಟ್ಟುಗಳಿಗಿಂತಲೂ ಪ್ರಿಯವಾದುವು ತಾವೇ ಮುದ್ರಿಸಿಕೊಂಡ ಕ್ಯಾಸೆಟ್ಟುಗಳು. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ನಡೆಸಿಕೊಡುತ್ತಿದ್ದ ತಾಳಮದ್ದಳೆಗಳನ್ನು ವೇದಿಕೆಯ ಅಂಚಿನಲ್ಲಿ ಟೇಪ್ ರೆಕಾರ್ಡರುಗಳನ್ನಿಟ್ಟು ಹಿಡಿದುಕೊಂಡವರು, ಮನೆಗೆ ಬಂದು ಕ್ಯಾಸೆಟ್ಟಿನೊಳಗಿನ ಕಾಗದದ ಮೇಲೆ ಸಣ್ಣ ಅಕ್ಷರಗಳಲ್ಲಿ ಪ್ರಸಂಗದ ಹೆಸರು, ಭಾಗವತರು, ಮದ್ದಳೆಗಾರರು, ಯಾವ ಪಾತ್ರಕ್ಕೆ ಯಾರ ಅರ್ಥ, ಯಾವ ಸಭಾಂಗಣ, ಯಾವ ತಾರೀಖು ಎಂಬುದನ್ನೆಲ್ಲ ಬರೆದಿಡುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಯು ಒಂದೇ ಪಾತ್ರವನ್ನು ಒಂದು ಕೂಟದಲ್ಲಿ ಹೇಳಿದಂತೆ ಇನ್ನೊಂದರಲ್ಲಿ ಹೇಳುವವರಲ್ಲ. ತಾರೀಖಿಲ್ಲದ ಅರ್ಥಗಾರಿಕೆಯ ಮುದ್ರಣವು ಅರ್ಧ ಮೌಲ್ಯವನ್ನು ಕಳೆದುಕೊಂಡಂತೆಯೇ. ಆ ಕಾಗದದ ಚೂರಿನಲ್ಲಿ ಆರೇಳು ಬಗೆಯ ವಿವರಗಳು ಸ್ಥಳ ಪಡೆಯುತ್ತಿದ್ದುವೆಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಏಕೆಂದರೆ ಮುಂದೆ ಬಂದ ಯಂತ್ರವು ಅಷ್ಟನ್ನು ಕೊಡಲಿಲ್ಲ.

1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಹಾಡುಗಳ ಹೆಸರನ್ನು ಬರೆದಿಡುವ ವ್ಯವಸ್ಥೆಯೇ ಇರಲಿಲ್ಲ. ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ, ಇದರಲ್ಲಿ ಇಷ್ಟು ತುಣುಕುಗಳಿವೆ, ಪ್ರತಿಯೊಂದರ ಅವಧಿ ಇಷ್ಟು ಎಂಬುದರ ಹೊರತು ಅದಕ್ಕೆ ಬೇರೇನೂ ತಿಳಿಯುತ್ತಿರಲಿಲ್ಲ. 1990ರ ದಶಕದಲ್ಲಿ ಟೀ ಕಾನ್ ಎಂಬವರು ಈ ಅವಧಿಗಳ ಲೆಕ್ಕದಿಂದಲೇ ಡಿಸ್ಕಿನ ಗುರುತನ್ನು ಹಿಡಿಯುವ ಉಪಾಯವನ್ನು ಮಾಡಿ, ಸ್ಟೀವ್ ಶೆರ್ಫ್ ಎಂಬವರೊಡಗೂಡಿ ‘ಸಿಡಿಡಿಬಿ’ ಎಂಬ ಭಂಡಾರವನ್ನು ತೆರೆದರು. ಜಗತ್ತಿನ ಮೂಲೆಮೂಲೆಗಳ ಶ್ರೋತೃಗಳು ತಮ್ಮಲ್ಲಿದ್ದ ಡಿಸ್ಕುಗಳ ಹಾಡು ಹಾಡಿನ ಹೆಸರನ್ನೂ ಕೈಯಾರೆ ಬೆರಳಚ್ಚು ಮಾಡಿ ಅದಕ್ಕೆ ಅರ್ಪಿಸಿದರು. ಅನಂತರ ನಡೆದುದು ವಿಷಾದಕರ. ಭಂಡಾರವು ವ್ಯಾಪಾರದ ಸಂಸ್ಥೆಯಾಯಿತು, ಗ್ರೇಸ್‌ನೋಟ್ ಎಂಬ ಹೆಸರನ್ನು ತಳೆಯಿತು, 2008ರಲ್ಲಿ ಸೋನಿ ಕಂಪನಿಯ ಪಾಲಾಯಿತು. ಕೂಲಿಯಿಲ್ಲದೆ ದುಡಿದವರ ದುಡಿಮೆಯು ಪರವಾನಗಿಯ ಸರಕಾಯಿತು. ಇದರಿಂದ ನೊಂದವರು ಕಟ್ಟಿದ ‘ಫ್ರೀಡಿಬಿ’ಯು 2020ರಲ್ಲಿ ಮುಚ್ಚಿಹೋಯಿತು, ‘ಮ್ಯೂಸಿಕ್‌ಬ್ರೇಯ್ನ್ಜ್’ ಎಂಬುದು ತನ್ನ ಮೂಲ ವಿವರಗಳನ್ನು ಸಾರ್ವಜನಿಕ ಸ್ವತ್ತೆಂದು ಘೋಷಿಸಿ ಇನ್ನೂ ಬಾಳುತ್ತಿದೆ.

ಎಂಪಿ3 ಕಡತಗಳು ಬಂದಾಗ ಹಳೆಯ ಪದ್ಧತಿಯೊಂದು ಹೊಸ ವೇಷದಲ್ಲಿ ಮರಳಿತು. 1996ರಲ್ಲಿ ಎರಿಕ್ ಕೆಂಪ್ ಎಂಬವನು ಕಡತದ ಕೊನೆಯಲ್ಲಿ, ಹಾಡೆಲ್ಲವೂ ಮುಗಿದ ಮೇಲೆ, 128 ಬೈಟುಗಳ ಒಂದು ಒಕ್ಕಣೆಯನ್ನು ಸೇರಿಸುವ ಕ್ರಮವನ್ನು ರೂಪಿಸಿದನು. ಮೊದಲ ಮೂರು ಬೈಟು ಗುರುತಿಗೆ. ಹಾಡಿನ ಹೆಸರಿಗೆ 30, ಗಾಯಕನಿಗೆ 30, ಸಂಪುಟಕ್ಕೆ (ಆಲ್ಬಮ್ಮಿಗೆ) 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ 1. ದಾಸರ ಅಂಕಿತವೂ, ಗೌಹರ್ ಜಾನಳ ಘೋಷಣೆಯೂ ಹಾಡಿನ ತುದಿಯಲ್ಲಿಯೇ ನೆಲೆಸಿದ್ದುವೆಂಬುದನ್ನು ಬಲ್ಲವರಿಗೆ ಈ ಸ್ಥಾನಸಾಮ್ಯವು ಅಚ್ಚರಿಯನ್ನುಂಟುಮಾಡದಿರದು. ಆದರೆ ಕನ್ನಡಿಗನ ಪಾಲಿಗೆ ಈ ಒಕ್ಕಣೆಯು ಬಹಳ ಇಕ್ಕಟ್ಟಿನದು. ಯುಟಿಎಫ್-8 ಎಂಬ ಇಂದಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಮಲ್ಲಿಕಾರ್ಜುನ ಮನ್ಸೂರ್ ಎಂಬ ಹೆಸರು 58 ಬೈಟುಗಳನ್ನು ಬೇಡುತ್ತದೆ. ಮೂವತ್ತಕ್ಕೆ ಕತ್ತರಿಸಿದರೆ ಉಳಿಯುವುದು ‘ಮಲ್ಲಿಕಾರ್ಜ’. ಪ್ರಕಾರಗಳ ಮೊದಲ ಪಟ್ಟಿಯಲ್ಲಿದ್ದ 80 ಹೆಸರುಗಳಲ್ಲಿ ಹಿಂದೂಸ್ತಾನಿಯೂ ಇಲ್ಲ, ಕರ್ನಾಟಕ ಸಂಗೀತವೂ ಇಲ್ಲ. 1998ರಲ್ಲಿ ಬಂದ ಎರಡನೆಯ ಆವೃತ್ತಿಯು ಸ್ಥಳಸಂಕೋಚವನ್ನು ನೀಗಿಸಿತೆಂಬುದು ನಿಜ. ಆದರೂ ರಾಗಕ್ಕೆ, ತಾಳಕ್ಕೆ, ಅಂಕಿತಕ್ಕೆ, ಅರ್ಥಧಾರಿಗೆ ಪ್ರತ್ಯೇಕವಾದ ಸ್ಥಾನವು ಅದರಲ್ಲಿಯೂ ದೊರೆಯಲಿಲ್ಲ. ಜನರು ರಾಗವನ್ನು ಟಿಪ್ಪಣಿಯಲ್ಲಿ ತುರುಕಿದರು. ಪುರಂದರದಾಸರನ್ನು ಕೆಲವರು ಗಾಯಕರ ಕಟ್ಟೆಯಲ್ಲಿಯೂ ಕೆಲವರು ಸಂಪುಟದ ಕಟ್ಟೆಯಲ್ಲಿಯೂ ಕೂರಿಸಿದರು. ಮುಂದೆ ಉಪನಗರಗಳ ಮೊಬೈಲ್ ಅಂಗಡಿಗಳಲ್ಲಿ ಅಲ್ಪ ಹಣಕ್ಕೆ ಮೆಮೊರಿ ಕಾರ್ಡಿಗೆ ನೂರಾರು ಹಾಡುಗಳನ್ನು ತುಂಬಿಕೊಡುವ ವ್ಯಾಪಾರ ನಡೆದಾಗ, ಈ ಅರೆಬರೆ ವಿವರವೂ ಅಳಿದು, ‘ಟ್ರ್ಯಾಕ್ 01’ ಎಂಬ ಅನಾಥ ನಾಮವೊಂದೇ ಉಳಿಯಿತು.

2001ರ ಜನವರಿಯಲ್ಲಿ ಆಪಲ್ ಕಂಪನಿಯು ಹೊರತಂದ ‘ಐಟ್ಯೂನ್ಸ್’ ಎಂಬ ಪ್ರೋಗ್ರಾಮು ಮನೆಯೊಳಗಿನ ಸಂಗೀತ ಸಂಗ್ರಹಕ್ಕೆ ಗ್ರಂಥಾಲಯದ ಶಿಸ್ತನ್ನು ಕೊಟ್ಟಿತೆಂಬುದನ್ನು ಒಪ್ಪಬೇಕು. ಹಾಡಿನೊಳಗಿನ ಒಕ್ಕಣೆಯನ್ನಲ್ಲದೆ, ಈ ಹಾಡು ಯಾವ ದಿನ ಸಂಗ್ರಹವನ್ನು ಸೇರಿತು, ಎಷ್ಟು ಸಲ ಕೇಳಲ್ಪಟ್ಟಿತು, ಕೇಳಿದವನು ಎಷ್ಟು ನಕ್ಷತ್ರಗಳನ್ನಿತ್ತನು ಎಂಬುದನ್ನೂ ಅದು ಬರೆದಿಟ್ಟುಕೊಳ್ಳುತ್ತಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಈ ಎರಡನೆಯ ಬಗೆಯ ವಿವರಗಳು ಹಾಡಿನ ಕಡತದಲ್ಲಿ ಇರುತ್ತಿರಲಿಲ್ಲ. ಪ್ರೋಗ್ರಾಮಿನ ಸ್ವಂತ ಭಂಡಾರದಲ್ಲಿ ಮಾತ್ರ ಇರುತ್ತಿದ್ದುವು. ಕಂಪ್ಯೂಟರು ಕೆಟ್ಟರೆ ಹಾಡು ಬೇರೆಡೆಯಲ್ಲಿ ದೊರೆತೀತು, ಆದರೆ ಒಬ್ಬ ಮನುಷ್ಯನು ಹತ್ತು ವರ್ಷ ಯಾವುದನ್ನು ಪ್ರೀತಿಸಿ ಕೇಳಿದನೆಂಬ ವೃತ್ತಾಂತವು ಮರಳಿ ಬಾರದು. ಅದೃಷ್ಟವಶಾತ್ ಆ ಪ್ರೋಗ್ರಾಮು ತನ್ನ ಭಂಡಾರದ ಒಂದು ಪ್ರತಿಯನ್ನು ಎಕ್ಸ್ಎಂಎಲ್ ಎಂಬ ಓದಬಹುದಾದ ರೂಪದಲ್ಲಿಯೂ ಹೊರಗಿಡುತ್ತಿತ್ತು. 2019ರಲ್ಲಿ ಆಪಲಿನ ಕಂಪ್ಯೂಟರುಗಳಲ್ಲಿ ಐಟ್ಯೂನ್ಸ್ ನಿವೃತ್ತವಾಗಿ ‘ಮ್ಯೂಸಿಕ್’ ಬಂದ ಮೇಲೆ ಆ ಪ್ರತಿಯು ತಾನಾಗಿ ಹುಟ್ಟದು, ನಾವು ಕೇಳಿ ತೆಗೆದುಕೊಳ್ಳಬೇಕು.

ಮನೆಯಲ್ಲಿಯೇ ಬರೆದುಕೊಂಡ ಕಿರುಪ್ರೋಗ್ರಾಮುಗಳು ಹುಟ್ಟಿದುದು ಈ ಪ್ರತಿಯನ್ನು ಆಧರಿಸಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದನ್ನು ಓದುವ ಸಾಮಗ್ರಿಯು ಮೊದಲೇ ಸಿದ್ಧವಾಗಿರುವುದರಿಂದ, ಬಲ್ಲವನೊಬ್ಬನು ಕೆಲವೇ ಸಾಲುಗಳಲ್ಲಿ ಭಂಡಾರವನ್ನು ತೆರೆದು, ಹಾಡು ಹಾಡಿನ ವಿವರವನ್ನು ಹೆಕ್ಕಿ, ಸಾಲಿಗೊಂದರಂತೆ ಸಾದಾ ಪಟ್ಟಿಯಾಗಿ ಇಳಿಸಬಹುದು. ನವೀ ಮುಂಬಯಿಯ ಐರೋಲಿಯಲ್ಲಿಯೂ ಮಹಾಪೆಯಲ್ಲಿಯೂ ಕಂಪ್ಯೂಟರ್ ಉದ್ಯೋಗವನ್ನು ಮಾಡಿಕೊಂಡಿರುವ ನಮ್ಮ ತರುಣ ತರುಣಿಯರಿಗೆ ಇದು ಒಂದು ಸಂಜೆಯ ಕೆಲಸ. ಹಾಗೆಂದು ಇದನ್ನು ಕ್ಷುಲ್ಲಕವೆನ್ನಲಾಗದು, ಸೂಕ್ಷ್ಮಗಳಿವೆ. ಭಂಡಾರವು ಅವಧಿಯನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಬರೆದಿರುತ್ತದೆ, ಅದನ್ನು ನಿಮಿಷಗಳಾಗಿ ಪರಿವರ್ತಿಸಬೇಕು. ನಕ್ಷತ್ರಗಳು ಒಂದಕ್ಕೆ ಇಪ್ಪತ್ತರಂತೆ ನೂರರವರೆಗಿನ ಅಂಕೆಗಳಾಗಿರುತ್ತವೆ. ಕನ್ನಡದ ಹೆಸರಿರುವ ಕಡತದ ದಾರಿಯು ಒಂದೊಂದು ಸಂಕೇತಕ್ಕೂ ಒಂಬತ್ತು ರೋಮನ್ ಚಿಹ್ನೆಗಳಂತೆ ವಿಕಾರಗೊಂಡಿರುತ್ತದೆ, ಅದನ್ನು ಬಿಡಿಸಿ ಕನ್ನಡವಾಗಿಸಬೇಕು. ಕೊನೆಗೆ ಆ ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ತೆರೆದಾಗ, ಇದು ಯೂನಿಕೋಡ್ ಎಂದು ಸಾರುವ ಮೂರು ಬೈಟುಗಳ ಗುರುತನ್ನು ಮೊದಲಲ್ಲಿ ಇಡದಿದ್ದರೆ, ಕನ್ನಡವೆಲ್ಲವೂ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣಬಹುದು.

ನಮ್ಮ ಭಾಷೆಗೆ ಈ ಬಗೆಯ ಗೃಹನಿರ್ಮಿತ ಉಪಕರಣಗಳು ಹೊಸವಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಅಚ್ಚಿನ ಉದ್ಯಮದಲ್ಲಿಯೂ ದುಡಿದ ಕಿನ್ನಿಕಂಬಳ ಪದ್ಮನಾಭರಾಯರು ಕನ್ನಡ ಬರವಣಿಗೆಗಾಗಿ ರಚಿಸಿದ ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನೇ ನಮ್ಮಲ್ಲಿ ಅನೇಕರು ಇಂದೂ ಬಳಸುತ್ತಿದ್ದಾರೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ ಎಂಬ ತಂತ್ರಾಂಶವನ್ನು ಕೊಟ್ಟರು. ಯೂನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಸಿಲುಕಿದ ಬರವಣಿಗೆಯನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಆಸಕ್ತರು ತಾವಾಗಿಯೇ ಬರೆದರು. ಒಬ್ಬರ ಪೆಟ್ಟಿಗೆಯಲ್ಲಿ ಬೀಗ ಬಿದ್ದಿದ್ದುದನ್ನು ಎಲ್ಲರೂ ಓದಬಹುದಾದ ರೂಪಕ್ಕೆ ತರುವುದೇ ಇವರೆಲ್ಲರ ಕಾರ್ಯದ ಸಾರವಾಗಿತ್ತು. ಸಂಗೀತದ ಭಂಡಾರವನ್ನು ಪಟ್ಟಿಯಾಗಿ ಹೊರತೆಗೆಯುವ ಪ್ರೋಗ್ರಾಮೂ ಇದೇ ವಂಶಕ್ಕೆ ಸೇರಿದುದು.

ಉಲ್ಹಾಸನಗರಕ್ಕೆ ಹೊಂದಿಕೊಂಡಿರುವ ಅಂಬರನಾಥದಲ್ಲಿ ಶಿಲಾಹಾರ ವಂಶದ ಮುಮ್ಮುಣಿಯ ಕಾಲದ ಶಿವಾಲಯವೊಂದಿದೆ. ಅಲ್ಲಿನ ಶಾಸನವು ಶಕವರ್ಷ 982, ಎಂದರೆ ಕ್ರಿಸ್ತಶಕ 1060, ಎಂದು ಕಾಲವನ್ನು ನಮೂದಿಸುತ್ತದೆ. ಆ ಶಿಲ್ಪವು ಎಷ್ಟೇ ಮನೋಹರವಾಗಿದ್ದರೂ ಆ ಕೆಲವು ಸಾಲುಗಳಿಲ್ಲದಿದ್ದರೆ ನಾವು ಅದರ ಕಾಲವನ್ನು ಊಹಿಸುತ್ತ ಕುಳಿತಿರಬೇಕಾಗಿತ್ತು. ಮತ್ತು ಆ ಸಾಲುಗಳನ್ನು ಓದಲು ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ. ನಮ್ಮ ಹಾಡುಗಳಿಗೂ ಇಂತಹ ಸಾಲುಗಳೇ ಬೇಕು. ಈಚಿನ ವರ್ಷಗಳಲ್ಲಿ ಹಾಡುಗಳೆಲ್ಲವೂ ತಿಂಗಳ ಬಾಡಿಗೆಯ ಮೇಲೆ ದೂರದ ಯಂತ್ರಗಳಿಂದ ಹರಿದುಬರುತ್ತಿರುವುದರಿಂದ ಸ್ವಂತ ಸಂಗ್ರಹದ ಅಗತ್ಯವೇ ಇಲ್ಲವೆಂದು ವಾದಿಸುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆನು. ಠಾಣೆಯ ಯಾವುದೋ ಸಭಾಗೃಹದಲ್ಲಿ ನಡೆದ ತಾಳಮದ್ದಳೆಯೋ, ಮನೆಯ ಮದುವೆಯಲ್ಲಿ ಅಜ್ಜಿಯು ಹಾಡಿದ ಶೋಭಾನೆಯೋ, ಕ್ಯಾಂಪಿನ ಬರಾಕಿನಲ್ಲಿ ವೃದ್ಧರೊಬ್ಬರು ಹಾಡಿದ ‘ಲಾಡ’ವೆಂಬ ಸಿಂಧೀ ಮದುವೆಹಾಡೋ ಯಾವ ಕಂಪನಿಯ ಭಂಡಾರದಲ್ಲಿಯೂ ಇಲ್ಲ. ಅವು ನಮ್ಮ ಕಪಾಟುಗಳಲ್ಲಿ, ನಮ್ಮ ಹಳೆಯ ಕಂಪ್ಯೂಟರುಗಳಲ್ಲಿ ಮಾತ್ರ ಇವೆ.

ಆದುದರಿಂದ ಡೊಂಬಿವಲಿ, ಕಲ್ಯಾಣ, ಠಾಣೆ, ನವೀ ಮುಂಬಯಿಗಳ ಕನ್ನಡಿಗರಲ್ಲಿ ನನ್ನ ವಿಜ್ಞಾಪನೆಯಿದು. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದವರು ಒಳಗಿನ ಕಾಗದವನ್ನು ಬಿಸಾಡದೆ ಅದರ ಬರಹವನ್ನೂ ಇಳಿಸಿಕೊಳ್ಳಿರಿ. ಸಂಗ್ರಹವುಳ್ಳವರು ಅದರ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿ, ಯೂನಿಕೋಡ್ ಕನ್ನಡದಲ್ಲಿ ಸಾದಾ ಅಕ್ಷರಗಳ ಕಡತವಾಗಿ ಇರಿಸಿಕೊಳ್ಳಿರಿ. ಯಂತ್ರವು ಕೇಳದ ರಾಗ, ತಾಳ, ಅಂಕಿತ, ಭಾಗವತ, ಅರ್ಥಧಾರಿ, ಸ್ಥಳ, ತಾರೀಖುಗಳಿಗೆ ನೀವಾಗಿ ಅಂಕಣಗಳನ್ನು ಸೇರಿಸಿರಿ. ಹೇಳಬಲ್ಲ ಹಿರಿಯರು ಇರುವಾಗಲೇ ಅವರನ್ನು ಕೇಳಿ ತುಂಬಿರಿ. ಹಾಡನ್ನು ಹಂಚುವುದಕ್ಕೆ ಹಕ್ಕುಗಳ ತೊಡಕುಂಟು, ಹಾಡುಗಳ ಪಟ್ಟಿಯನ್ನು ಹಂಚುವುದಕ್ಕೆ ಆ ತೊಡಕಿಲ್ಲ. 1926ರಲ್ಲಿ ಸ್ಥಾಪಿತವಾದ, ಮಾಟುಂಗದ ಮೈಸೂರು ಅಸೋಸಿಯೇಷನ್, ಡೊಂಬಿವಲಿಯ ಕರ್ನಾಟಕ ಸಂಘ ಮೊದಲಾದ ನಮ್ಮ ಸಂಸ್ಥೆಗಳು ಇಂತಹ ಪಟ್ಟಿಗಳನ್ನು ಸ್ವೀಕರಿಸಿ ಒಂದೆಡೆ ಕೂಡಿಸುವ ಹೊಣೆಯನ್ನು ವಹಿಸಿಕೊಳ್ಳಲಿ. ನಿಮ್ಮ ಪಟ್ಟಿಯ ಒಂದು ಪ್ರತಿಯನ್ನು ಈ ವರ್ಷವೇ ಅವುಗಳಿಗೆ ತಲುಪಿಸಿರಿ.